ಮೂರನೇ ನಂಬರಿನ ಮೀಟರು

ವಿಜಾಪುರದ ಆ ಪಾಲಿಟೆಕ್ನಿಕ್ಕಿನಲ್ಲಿ ಜಿಲಾನಿ ಸರ್ ಎಲ್ಲಿ ಎಂದು ಕೇಳಿದರೆ ಜನ ಒಂದು ಗಳಿಗೆ ಯೋಚನೆ ಮಾಡುತ್ತಿದ್ದರು. ಮೀಟರ್ ಸರ್ ಎಲ್ಲಿ ಎಂದು ಕೇಳಿದರೆ ಗೇಟಿನ ಹತ್ತಿರದ ಚಹಾದಂಗಡಿಯವನೂ ಕೈ ಚಾಚಿ ಮೂಲೆಯ ಖೋಲಿ ತೋರಿಸುತ್ತಿದ್ದ. ಅಳತೆ ಮತ್ತು ಅಳತೆಯ ಉಪಕರಣಗಳು ಎಂಬ ವಿಷಯವನ್ನು ಅವರು ಆ ಪಾಲಿಟೆಕ್ನಿಕ್ಕಿನಲ್ಲಿ ಕಲಿಸುತ್ತ ಹದಿನಾರು ವರ್ಷ ಕಳೆದಿದ್ದರು. ಆ ವಿಷಯಕ್ಕಾಗಿ ಡಿಪ್ಲೊಮಾ ಸೇರಿದ ಹುಡುಗ ಇಂದಿನವರೆಗೆ ಹುಟ್ಟಿಲ್ಲ. ಮೋಟಾರು ಗರ್ರೆಂದು ತಿರುಗುತ್ತದೆ, ಡೈನಮೊ ಕಿಡಿ ಹಾರಿಸುತ್ತದೆ, ಹುಡುಗರಿಗೆ ಬೇಕಾದದ್ದು ಅದು. ಡಬ್ಬಿಯ ಗಾಜಿನೊಳಗೆ ಮುಳ್ಳು ಎಲ್ಲಿ ನಿಂತಿತು ಎಂದು ಕಣ್ಣು ಕಿರಿದು ಮಾಡಿ ನೋಡುವುದರಲ್ಲಿ ಯಾರಿಗೆ ಏನು ಸುಖ? ಈಚೆಗೆ ಜಿಲಾನಿ ಸರ್‌ಗೂ ಅದರಲ್ಲಿ ಸುಖ ಉಳಿದಿರಲಿಲ್ಲ. ಗೋಳಗುಮ್ಮಟದ ಹಿಂದಿನ ಓಣಿಯಿಂದ ಬೆಳಿಗ್ಗೆ ಸೈಕಲ್ ತುಳಿಯುತ್ತ ಬರುವಾಗಲೇ ಅವರ ಮುಖ ಸಂಜೆಯಾದವರ ಮುಖದ ಹಾಗೆ ಇಳಿದಿರುತ್ತಿತ್ತು.

ಮೊದಲು ಹಾಗಿರಲಿಲ್ಲ. ಹೊಸದಾಗಿ ಬಂದಾಗ ಅವರು ಮೊದಲ ತರಗತಿಯಲ್ಲಿ ಒಂದು ಮೀಟರನ್ನು ಮೇಜಿನ ಮೇಲಿಟ್ಟು, ಅದಕ್ಕೆ ಒಂದು ತಂತಿಯನ್ನೂ ಹಚ್ಚದೆ, ಹುಡುಗರನ್ನು ಸುತ್ತ ನಿಲ್ಲಿಸುತ್ತಿದ್ದರು. ಹುಡುಗರು ಏನಾದರೂ ಆಗುತ್ತದೆ ಎಂದು ಕಾಯುತ್ತಿದ್ದರು. ಏನೂ ಆಗುತ್ತಿರಲಿಲ್ಲ. ಆಗ ಸರ್ ಹೇಳುತ್ತಿದ್ದರು, "ತಂತಿ ಹಚ್ಚೂ ಮೊದಲ ಮುಳ್ಳು ಎಲ್ಲೈತಿ ನೋಡ್ರಿ. ಏನೂ ಇಲ್ಲದಾಗ ಇದು ಏನ ಹೇಳ್ತೈತಿ ಅನ್ನೂದು ಗೊತ್ತಿಲ್ಲಂದ್ರ, ಏನರ ಇದ್ದಾಗ ಹೇಳಿದ್ದನ್ನ ಹ್ಯಾಂಗ ನಂಬ್ತೀರಿ?" ಆ ಮಾತು ಹೇಳುವಾಗ ಅವರ ಕಣ್ಣು ಹೊಳೆಯುತ್ತಿತ್ತಂತೆ. ಈಗ ಅದನ್ನು ನೆನಪಿಟ್ಟವರು ಆ ಖೋಲಿಯ ಜವಾನ ರಸೂಲಸಾಬ ಒಬ್ಬರೇ. ಅವರೂ ಬೇಸರವಾದಾಗ ಮಾತ್ರ ಹೇಳುತ್ತಿದ್ದರು.

ನಡುವೆ ಆದದ್ದು ಇಷ್ಟು. ಹಳೆಯ ಕಟ್ಟಡದಿಂದ ಅಥಣಿ ರಸ್ತೆಯ ಹೊಸ ಕಟ್ಟಡಕ್ಕೆ ಸಾಮಾನು ಸಾಗಿಸುವಾಗ ಮೂರನೇ ನಂಬರಿನ ವೋಲ್ಟ್‌ಮೀಟರು ಬಂಡಿಯಿಂದ ಬಿತ್ತು. ಸಾಯಲಿಲ್ಲ, ಆದರೆ ಮುಳ್ಳು ಬಾಗಿತು. ಮುಳ್ಳನ್ನು ಸೊನ್ನೆಗೆ ತಂದು ಕೂರಿಸುವ ತಿರುಪು ಮುರಿಯಿತು. ಅಂದಿನಿಂದ ಆ ಮೀಟರಿನ ಮುಳ್ಳು ತಂತಿ ಹಚ್ಚದೆ ಇದ್ದಾಗಲೂ ಎರಡರ ಗೆರೆಯ ಮೇಲೆ ಆರಾಮಾಗಿ ಒರಗಿಕೊಂಡಿರುತ್ತಿತ್ತು. ಕರೆಂಟು ಬರಲಿ ಬಿಡಲಿ, ಎರಡು ವೋಲ್ಟು ಅದರ ಸ್ವಂತದ್ದು. ಒಂದನೇ ಮೀಟರು ಎಂದೋ ಸುಟ್ಟಿತ್ತು, ಎರಡನೆಯದರ ಗಾಜು ಒಡೆದು ಒಳಗೆ ವಿಜಾಪುರದ ಧೂಳು ಮನೆ ಮಾಡಿತ್ತು. ಉಳಿದದ್ದು ಈ ಮೂರನೆಯದೇ.

ಹೊಸ ಮೀಟರು ಬೇಕೆಂದು ಸರ್ ಪ್ರತಿ ವರ್ಷ ಬರೆದರು. ಪರಿಶೀಲನೆಯಲ್ಲಿದೆ ಎಂದು ಪ್ರತಿ ವರ್ಷ ಉತ್ತರ ಬಂತು. ಮೊದಮೊದಲು ಕಾಗದದ ತಲೆಯ ಮೇಲೆ ಮೈಸೂರು ರಾಜ್ಯ ಎಂದಿರುತ್ತಿತ್ತು, ಮೊನ್ನೆ ಮೊನ್ನೆಯಿಂದ ಕರ್ನಾಟಕ ಎಂದಾಗಿತ್ತು. ಕೆಳಗಿನ ಮಾತು ಮಾತ್ರ ಅದೇ. ಹುಡುಗರು ಹೆಚ್ಚಾದರು, ಹೊತ್ತು ಕಡಿಮೆಯಾಯಿತು, ಸರ್ ಜೀವವೂ ಬೇಸತ್ತಿತು. ಮೊದಲು ಹುಡುಗರೇ ಮುಳ್ಳನ್ನು ನೋಡಿ ಅದರ ತಪ್ಪನ್ನು ಕಂಡುಹಿಡಿಯಬೇಕಿತ್ತು. ಆಮೇಲೆ ಸರ್ ಕರಿಹಲಗೆಯ ಮೇಲೆ ಬರೆದು ತಿಳಿಸತೊಡಗಿದರು. ಕೊನೆಗೆ ಬರೆಯುವುದನ್ನೂ ಬಿಟ್ಟರು. ಬಾಗಿಲಿನಿಂದ ಒಳಗೆ ಕಾಲಿಡುತ್ತಲೇ, ಹಾಜರಿ ಕೂಗುವ ದನಿಯಲ್ಲಿ, "ಮೂರನೇದರಾಗ ಎರಡು ಕಳೀರಿ" ಎಂದುಬಿಡುತ್ತಿದ್ದರು.

ಆ ಮಾತು ಹುಡುಗರ ಬಾಯಿಪಾಠವಾಯಿತು. ಹಿಂದಿನ ವರ್ಷದವರು ಮುಂದಿನ ವರ್ಷದವರಿಗೆ ಅದನ್ನು ಹೇಳಿಕೊಡುತ್ತಿದ್ದರು. ಚಹಾದಂಗಡಿಯಲ್ಲಿ ಯಾರಾದರೂ ನಿನ್ನೆ ಹತ್ತು ರೊಟ್ಟಿ ತಿಂದೆ ಎಂದು ಜಂಬ ಕೊಚ್ಚಿದರೆ, ಉಳಿದವರು ಒಟ್ಟಿಗೆ, "ಎರಡು ಕಳಿ" ಎಂದು ಕೂಗಿ ನಗುತ್ತಿದ್ದರು. ಸರ್ ಕಿವಿಗೂ ಬಿದ್ದಿತ್ತು. ಹುಡುಗರು ನೆನಪಿಟ್ಟುಕೊಂಡಿದ್ದಾರಲ್ಲ, ಅಷ್ಟಾದರೂ ಆಯಿತು ಎಂದು ಅವರು ಸುಮ್ಮನಾಗಿದ್ದರು.

ಆ ವರ್ಷದ ತಂಡದಲ್ಲಿ ಅವರ ಮಾತನ್ನು ಅಕ್ಷರ ಬಿಡದೆ ಕೇಳಿದ ಹುಡುಗ ಒಬ್ಬನಿದ್ದ, ಸಾರವಾಡದ ಸಿದ್ದರಾಯ. ಬಸ್ಸು ತಪ್ಪಿದರೆ ಟ್ರ್ಯಾಕ್ಟರಿನ ಹಿಂದೆ ನಿಂತು ಬರುತ್ತಿದ್ದ, ತರಗತಿ ತಪ್ಪಿಸುತ್ತಿರಲಿಲ್ಲ. ಬುದ್ಧಿ ಬಹಳ ಚುರುಕೆಂದು ಹೇಳುವ ಹಾಗಿರಲಿಲ್ಲ, ಶ್ರದ್ಧೆ ಮಾತ್ರ ಎದುರಿಗಿದ್ದವರಿಗೆ ಸಂಕೋಚವಾಗುವಷ್ಟಿತ್ತು. ಸರ್ ಕೆಮ್ಮಿದರೂ ಬರೆದುಕೊಳ್ಳುತ್ತಾನೆ ಎಂದು ಗೆಳೆಯರು ಕಾಡುತ್ತಿದ್ದರು. ಅವನಿಗೆ ಕರೆಂಟ್ ಆಫೀಸಿನಲ್ಲಿ ಮೀಟರು ಪರೀಕ್ಷೆ ಮಾಡುವ ಕೆಲಸ ಹೆಚ್ಚುಕಡಿಮೆ ಸಿಕ್ಕೇಬಿಟ್ಟಿತ್ತು. ಮೌಖಿಕ ಪರೀಕ್ಷೆಯಲ್ಲಿ ಆರಿಸಿದ್ದರು. ಡಿಪ್ಲೊಮಾ ಪಾಸಾದದ್ದನ್ನು ಮೇ ಮುಗಿಯುವುದರೊಳಗೆ ತೋರಿಸಬೇಕು, ಇಲ್ಲದಿದ್ದರೆ ಯಾದಿಯಲ್ಲಿ ಮುಂದಿನವನಿಗೆ ಕೊಡುತ್ತೇವೆ ಎಂದಿದ್ದರು. ಅವನ ತಾಯಿ ರಾಚವ್ವ ಆ ಸಂತೋಷಕ್ಕೆ ಸರ್ ಮನೆಗೆ ಶೇಂಗಾದ ಹೋಳಿಗೆ ಕಳಿಸಿದ್ದಳು. "ನಮ್ಮ ಮಂದಿಯೊಳಗ ಕರೆಂಟ್ ಕಂಡವರ ಇಲ್ರಿ ಸರ್ರ, ನಾನು ಅದನ್ನ ಅಳತಿ ಮಾಡಾಂವ ಆಗ್ತೇನಿ" ಎಂದು ಸಿದ್ದರಾಯ ಹೇಳಿದಾಗ ಜಿಲಾನಿ ಸರ್‌ಗೆ ಬಹಳ ದಿನದ ಮೇಲೆ ಎದೆ ತುಂಬಿ ಬಂದಿತ್ತು.

ಇನ್ನೊಬ್ಬ ಟಿಕೋಟಾದ ಮಲಕಾಜಪ್ಪ. ಅವನನ್ನು ಕಂಡರೆ ಸರ್ ಮೈ ಉರಿಯುತ್ತಿತ್ತು. ತರಗತಿಗೆ ಬರುವುದೇ ಅಪರೂಪ, ಕೇಳಿದರೆ, "ಟಿಕೋಟಾದ ಬಸ್ ಬರಲಿಲ್ರಿ ಸರ್ರ" ಎಂಬ ಒಂದೇ ರಾಗ. ಬಸ್ಸು ಬಂದಿರುತ್ತಿತ್ತು, ಆತ ಅದರಿಂದ ಇಳಿದು ನೆಟ್ಟಗೆ ಟಾಕೀಸಿಗೆ ಹೋಗಿರುತ್ತಿದ್ದ. ಅಳತೆಯ ಪ್ರಾಯೋಗಿಕ ಪರೀಕ್ಷೆಯಲ್ಲಿ ಎರಡು ಸಲ ನಪಾಸಾಗಿದ್ದ. ಮೂರನೇ ಸಲವೂ ಹೋದರೆ ಹಾಜರಿಯಿಂದ ಹೆಸರು ತೆಗೆದು ಮನೆಗೆ ಕಳಿಸುವುದು ಅಲ್ಲಿಯ ನಿಯಮ. ಹೋದರೆ ಹೋಗಲಿ, ಒಂದು ಪೀಡೆ ಕಳೆಯುತ್ತದೆ ಎಂದು ಸರ್ ಬಾಯಿಬಿಟ್ಟೇ ಹೇಳಿದ್ದುಂಟು.

ಪರೀಕ್ಷೆಯ ಹಿಂದಿನ ದಿನ, ಏಪ್ರಿಲ್ಲಿನ ಉರಿಬಿಸಿಲಿನಲ್ಲಿ, ರೈಲ್ವೆ ಪಾರ್ಸೆಲ್ಲಿನಲ್ಲಿ ಹೊಸ ಮೀಟರು ಬಂದಿಳಿಯಿತು. ಹುಲ್ಲು ತುಂಬಿದ ಕಟ್ಟಿಗೆಯ ಪೆಟ್ಟಿಗೆಯೊಳಗೆ ಅದು ಬಾಣಂತಿಯ ಕೋಣೆಯ ಕೂಸಿನಂತೆ ಸುತ್ತಿಕೊಂಡು ಮಲಗಿತ್ತು. ಹತ್ತು ವರ್ಷದ ಹಿಂದೆ ಬಂದಿದ್ದರೆ ಸರ್ ಕುಣಿದುಬಿಡುತ್ತಿದ್ದರು. ಈಗ ನೋಡಿ, "ಬಂತೇನು" ಎಂದರು, ಅಷ್ಟೇ. ಬೆವರು ಒರೆಸಿಕೊಂಡು ಕುರ್ಚಿಯಲ್ಲಿ ಕೂತರು. ಪ್ರಿನ್ಸಿಪಾಲರು ಅದನ್ನು ನಾಳೆಯೇ ಮೇಜಿನ ಮೇಲಿಡಬೇಕು, ಹುಬ್ಬಳ್ಳಿಯಿಂದ ಬರುವ ಪರೀಕ್ಷಕರ ಕಣ್ಣಿಗೆ ಬೀಳಬೇಕು ಎಂದು ಹೇಳಿ ಕಳಿಸಿದರು. ರಸೂಲಸಾಬರು ಬಿಳಿ ಬಣ್ಣದ ಡಬ್ಬಿ, ಸಣ್ಣ ಕುಂಚ ಹಿಡಿದು ಬಂದು ನಿಂತರು.

"ಇದಕ್ಕ ಯಾವ ನಂಬರ್ ಹಾಕ್ಲಿ ಸಾಹೇಬ್ರ?"

ಆ ಪಾಲಿಟೆಕ್ನಿಕ್ಕಿನಲ್ಲಿ ಒಂದು ಪದ್ಧತಿ ಇತ್ತು. ಹಳೆಯ ಸಾಮಾನು ಹೋಗಿ ಅದರ ಬದಲಿಗೆ ಹೊಸದು ಬಂದರೆ ಹಳೆಯದರ ನಂಬರೇ ಹೊಸದಕ್ಕೆ. ಕುರ್ಚಿಯಿಂದ ಹಿಡಿದು ನೀರಿನ ಕೊಡದವರೆಗೆ ಎಲ್ಲಕ್ಕೂ ಅದೇ ಲೆಕ್ಕ.

"ಮೂರನೇದರ ಜಾಗಕ್ಕ ಬಂದೈತಿ. ಮೂರ ಹಾಕ್ರಿ" ಎಂದರು ಸರ್, ಕಣ್ಣು ಮುಚ್ಚಿಕೊಂಡೇ.

ರಸೂಲಸಾಬರು ಹೊಸ ಮೀಟರಿನ ಹಣೆಯ ಮೇಲೆ ಅಂದವಾಗಿ ಬಿಳಿಯ ಮೂರು ಬರೆದರು. ಹಳೆಯದನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಸೈಕಲ್ ಹತ್ತುವಾಗ ಸರ್‌ಗೆ ಹೊಳೆಯಿತು, ನಾಳೆ ಹುಡುಗರಿಗೆ ಒಂದು ಮಾತು ಹೇಳಬೇಕು, ಇದರಲ್ಲಿ ಕಳೆಯುವುದು ಬೇಡ ಎಂದು. ಮನೆಗೆ ಹೋದ ಮೇಲೆ ಹೆಂಡತಿ ಮುನೀರಾ, "ಏನೋ ಮರ್ತಂಗ ಕುಂತೀರಲ್ಲ" ಎಂದು ಕೇಳಿದಳು. "ಮರ್ತಿಲ್ಲ, ನಾಳೆ ಹೇಳೂದೈತಿ" ಎಂದರು.

ಬೆಳಿಗ್ಗೆ ಪರೀಕ್ಷಕ ಶಿವಯೋಗೆಪ್ಪನವರು ಹೇಳಿದ ಹೊತ್ತಿಗಿಂತ ಮೊದಲೇ ಟಾಂಗಾದಿಂದ ಇಳಿದರು. ಅವರಿಗೆ ಚಹಾ ಆಗಬೇಕು, ಉಪ್ಪಿಟ್ಟು ಆಗಬೇಕು, ಫ್ಯಾನಿನ ಕೆಳಗೆ ಕುರ್ಚಿ ಆಗಬೇಕು. ಸರ್ ಅದರಲ್ಲೇ ಓಡಾಡಿದರು. ತಿರುಗಿ ನೋಡುವುದರೊಳಗೆ ಗಂಟೆ ಬಾರಿಸಿತು. ಗಂಟೆಯಾದ ಮೇಲೆ ಕಲಿಸಿದ ಮಾಸ್ತರರು ಹುಡುಗರೊಂದಿಗೆ ಮಾತಾಡುವ ಹಾಗಿಲ್ಲ. ಹುಡುಗರು ಬಾಗಿಲ ಹೊರಗೆ ಸಾಲಾಗಿ ನಿಂತಿದ್ದರು. ಸರ್ ಒಂದು ಹೆಜ್ಜೆ ಮುಂದಿಟ್ಟವರು ನಿಂತರು. ಮೀಟರು ಹೊಸದು, ಕನ್ನಡಿಯಂತೆ ಹೊಳೆಯುತ್ತದೆ, ಮುಳ್ಳು ಸೊನ್ನೆಯ ಮೇಲಿದೆ. ಇಷ್ಟು ದೊಡ್ಡ ಹುಡುಗರಿಗೆ ಅದು ಕಾಣುವುದಿಲ್ಲವೇ, ಎಂದುಕೊಂಡು ತಮ್ಮ ಕುರ್ಚಿಗೆ ಬಂದು ಕೂತರು. ಆಗ ಅವರಿಗೆ ನಿಜವಾಗಿ ಅನಿಸಿದ್ದು, ಈ ದಿನ ಒಮ್ಮೆ ಮುಗಿದರೆ ಸಾಕು ಎಂದು. ಮಿಕ್ಕದ್ದೆಲ್ಲ ನೆವ.

ಕೆಲಸ ಮಾಡುವ ಮೀಟರು ಒಂದೇ ಇದ್ದುದರಿಂದ ಎಲ್ಲರಿಗೂ ಒಂದೇ ಪ್ರಯೋಗ. ಪರದೆಯ ಹಿಂದೆ ಒಬ್ಬೊಬ್ಬರೇ ಹೋಗಬೇಕು, ತಂತಿ ಹಚ್ಚಬೇಕು, ಬ್ಯಾಟರಿಯ ವೋಲ್ಟು ಎಷ್ಟು ಎಂದು ಅಳೆದು ಬರೆದು, ಉಳಿದ ಲೆಕ್ಕ ಅದರ ಮೇಲೆ ಮಾಡಿ, ಹಾಳೆ ಕೊಟ್ಟು ಹೋಗಬೇಕು. ಶಿವಯೋಗೆಪ್ಪನವರು ಮೊದಲೇ ತಮ್ಮ ಚರ್ಮದ ಚೀಲದೊಳಗಿನ ಸ್ವಂತ ಮೀಟರಿನಿಂದ ಅಳೆದಿಟ್ಟುಕೊಂಡಿದ್ದರು. ಸಿದ್ದರಾಯ ಮೊದಲ ಕೆಲವರಲ್ಲೇ ಬಂದ. ಪರದೆಯ ಹಿಂದೆ ಉಳಿದವರಿಗಿಂತ ಹೆಚ್ಚು ಹೊತ್ತು ಇದ್ದ. ಹೊರಗೆ ಬಂದು, ಮಾತಾಡುವ ಹಾಗಿರಲಿಲ್ಲವಲ್ಲ, ಸರ್ ಕಡೆ ನೋಡಿ ಕಣ್ಣಲ್ಲೇ ನಮಸ್ಕಾರ ಮಾಡಿ ಹೋದ. ಮಲಕಾಜಪ್ಪ ಕೊನೆಗೆ ಬಂದ, ಬೆವರು ಸುರಿಸುತ್ತ. ಹೋದಷ್ಟೇ ಬೇಗ ಹೊರಗೆ ಬಂದ.

ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಿತು. ಶಿವಯೋಗೆಪ್ಪನವರು ಒಂದು ಕೈಯಲ್ಲಿ ಹಾಳೆಯಿಂದ ಗಾಳಿ ಹಾಕಿಕೊಳ್ಳುತ್ತ, ಇನ್ನೊಂದು ಕೈಯಲ್ಲಿ ಉತ್ತರ ನೋಡತೊಡಗಿದರು. ಸ್ವಲ್ಪ ಹೊತ್ತಿಗೆ ಗಾಳಿ ಹಾಕುವುದು ನಿಂತಿತು.

"ಏನ್ರಿ ಇದು ಜಿಲಾನಿಯವರ? ಬ್ಯಾಟರಿ ಹದಿನಾಲ್ಕು ಐತಿ. ಎಲ್ಲಾರೂ ಹನ್ನೆರಡು ಬರದಾರ. ಒಬ್ಬರಂದ್ರ ಒಬ್ಬರೂ ಹದಿಮೂರು ಬರದಿಲ್ಲ, ಹನ್ನೊಂದು ಬರದಿಲ್ಲ. ಎಲ್ಲಾರದೂ ಹನ್ನೆರಡು!"

ಜಿಲಾನಿ ಸರ್‌ಗೆ ಒಂದು ಗಳಿಗೆ ತಿಳಿಯಲಿಲ್ಲ. ತಿಳಿದಾಗ ಮೀಟರಿನ ಮೇಲಿನ ಬಿಳಿಯ ಮೂರರ ಕಡೆ ತಿರುಗಿ ನೋಡಿದರು.

"ಪರದೆ ಹಾಕಿದ್ರೂ ನಕಲ ಮಾಡ್ಯಾರಲ್ರಿ" ಎಂದು ಶಿವಯೋಗೆಪ್ಪನವರು ಸಿಟ್ಟಿಗೆದ್ದರು. "ಇದು ನಪಾಸ್ ಮಾಡಿ ಬಿಡೂ ಮಾತಲ್ಲ. ಸಾಮೂಹಿಕ ನಕಲು ಅಂತ ಬರದ್ರ ಎಲ್ಲಾರೂ ಎರಡು ವರ್ಷ ಮನ್ಯಾಗ ಕುಂದ್ರಬೇಕಾಗತೈತಿ. ತಡೀರಿ, ಒಬ್ಬನ ಸರಿ ಬರದಾನ. ಯಾರಿಂವ, ಮಲಕಾಜಪ್ಪ. ಶಾಣ್ಯಾ ಹುಡುಗ ಕಾಣ್ತಾನ."

ಮಲಕಾಜಪ್ಪ ಶಾಣ್ಯಾ, ಜಾಣ ಎಂಬ ಮಾತು ಕೇಳಿ ಜಿಲಾನಿ ಸರ್‌ಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎದ್ದು ನಿಂತು, "ನಕಲು ಅಲ್ರಿ. ಅವರು ನಕಲು ಮಾಡಿಲ್ಲ. ನಾ ಹೇಳಿಕೊಟ್ಟೀನಿ" ಎಂದರು. ಬಂಡಿಯಿಂದ ಬಿದ್ದ ಮೀಟರಿನಿಂದ ಹಿಡಿದು ರಸೂಲಸಾಬರು ಬರೆದ ಬಿಳಿಯ ಮೂರರವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದರು. ಹೇಳುತ್ತ ಹೇಳುತ್ತ ಅದು ಎಂಥ ನಾಚಿಕೆಗೇಡಿನ ಕಥೆ ಎಂಬುದು ಅವರಿಗೇ ಕೇಳಿಸತೊಡಗಿತು. ಹೊಸ ಮೀಟರು ಹದಿನಾಲ್ಕು ತೋರಿಸಿದೆ. ಹುಡುಗರು ಮೂರನೇ ನಂಬರು ನೋಡಿದ್ದಾರೆ, ಎರಡು ಕಳೆದಿದ್ದಾರೆ. ತರಗತಿಗೆ ಬಾರದ ಮಲಕಾಜಪ್ಪನಿಗೆ ಕಳೆಯಬೇಕೆಂಬುದೇ ಗೊತ್ತಿಲ್ಲ, ಕಂಡದ್ದನ್ನು ಬರೆದಿದ್ದಾನೆ.

ಶಿವಯೋಗೆಪ್ಪನವರು ಮೊದಲು ಬಾಯಿ ತೆರೆದುಕೊಂಡು ಕೇಳಿದರು, ಆಮೇಲೆ ಹೊಟ್ಟೆ ಹಿಡಿದು ನಕ್ಕರು. ಕೆಟ್ಟ ಮನುಷ್ಯನಲ್ಲ ಆತ. ನಕ್ಕು ಮುಗಿದ ಮೇಲೆ ಸರ್ ಮುಖ ನೋಡಿ ಕನಿಕರವಾಯಿತು.

"ಇರ್ಲಿ ಬಿಡ್ರಿ. ಹಳೇ ಮೀಟರ್ ಎಲ್ಲೈತಿ?"

"ಕಪಾಟಿನ್ಯಾಗ."

"ಅದನ್ನ ತಂದು ಮೇಜಿನ ಮ್ಯಾಲ ಇಡ್ರಿ. ಪರೀಕ್ಷೆ ಅದರ ಮ್ಯಾಲ ಆತು ಅಂತ ನಾ ಬರೀತೀನಿ. ಬ್ಯಾಟರಿ ಹನ್ನೆರಡಕ್ಕ ಇಟ್ಟಿದ್ದೆ, ಹಳೇ ಮೀಟರ್ ಹದಿನಾಲ್ಕು ತೋರಸ್ತು, ಹುಡುಗರು ಎರಡು ಕಳದ್ರು, ಸರಿ ಆತು. ಎಲ್ಲಾರೂ ಪಾಸ್. ನನಗೂ ಸಂಜೀ ಗಾಡಿ ಸಿಗತೈತಿ."

ಜಿಲಾನಿ ಸರ್ ಮೈಯಿಂದ ಭಾರ ಇಳಿದ ಹಾಗಾಯಿತು. ಇಷ್ಟು ಸುಲಭವೇ! ರಸೂಲಸಾಬರನ್ನು ಕರೆಯುವಷ್ಟೂ ತಾಳ್ಮೆ ಇಲ್ಲದೆ ತಾವೇ ಕೀಲಿ ತೆಗೆದು, ಹಳೆಯ ಮೀಟರನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಬಂದರು. ಮೇಜಿನ ಹತ್ತಿರ ಬಂದಾಗ ಮಾತ್ರ ಮಲಕಾಜಪ್ಪನ ಹಾಳೆ ಕಣ್ಣಿಗೆ ಬಿತ್ತು. ವಕ್ರವಾದ ಅಕ್ಷರದಲ್ಲಿ, ಹದಿನಾಲ್ಕು.

"ಇವಂದು?" ಎಂದರು.

"ಇವನ ತಪ್ಪಾಕ್ಕೈತಿ. ಏನ ಮಾಡೂದ್ರಿ? ಇಷ್ಟು ಮಂದ್ಯಾಗ ಒಬ್ಬಂವ. ನೀವ ಹೇಳಿದ್ರಲ್ಲ, ಬರೂದ ಇಲ್ಲಂತ."

"ಇದು ಅವನ ಕಡೀ ಸಲ. ಹೆಸರ ತಗೀತಾರ."

"ಮತ್ತ ಎಲ್ಲಾರನೂ ಮುಳುಗಸ್ತೀರೇನು?" ಶಿವಯೋಗೆಪ್ಪನವರು ಗಡಿಯಾರ ನೋಡಿಕೊಂಡರು. "ಇಲ್ಲಂದ್ರ ದಾರಿ ಒಂದ ಐತಿ. ಕಲಿಸಿದವರ ತಪ್ಪಿನಿಂದ ಹಿಂಗಾತು ಅಂತ ನೀವ ಸಹಿ ಮಾಡಿ ಬರದು ಕೊಡ್ರಿ. ನಾ ಮ್ಯಾಲ ಕಳಸ್ತೀನಿ. ಮರುಪರೀಕ್ಷೆ ಇಡ್ತಾರ, ಜುಲೈದಾಗೋ ಆಗಸ್ಟದಾಗೋ. ನಿಮ್ಮ ನೌಕರಿ ಮ್ಯಾಲ ಒಂದು ಕರೀ ಗೆರೀ ಬೀಳತೈತಿ. ಇನ್ನ ಎಷ್ಟ ವರ್ಷ ಐತಿ ನಿಮ್ಮದು? ಯಾಕ ಬೇಕ್ರಿ ಈ ಉಸಾಬರಿ?"

ಕರಿ ಗೆರೆಗೆ ಸರ್ ಹೆದರಲಿಲ್ಲ. ಅವರಿಗೆ ಕಂಡದ್ದು ಸಿದ್ದರಾಯನ ಮುಖ. ಜುಲೈ ಎಂದರೆ ಅವನ ಕೆಲಸ ಹೋಯಿತು. ಮೇ ಮುಗಿಯುವುದರೊಳಗೆ ಯಾದಿಯಲ್ಲಿ ಮುಂದಿನವನು ಬಂದು ಕೂರುತ್ತಾನೆ. ಮೀಟರು ಮೇಜಿನ ಮೇಲೆ ಇಟ್ಟರೆ ಸಿದ್ದರಾಯ ಉಳಿಯುತ್ತಾನೆ, ಹೋಗುವವನು ಟಾಕೀಸಿನ ಮಲಕಾಜಪ್ಪ. ತಕ್ಕಡಿಯಲ್ಲಿ ತೂಗಿದರೆ ಇದರಲ್ಲಿ ಯೋಚಿಸುವುದೇನಿದೆ? ಸರ್‌ಗೆ ಮಲಕಾಜಪ್ಪನ ಮೇಲೆ ಎಂದೂ ಬಂದಿರದಷ್ಟು ಸಿಟ್ಟು ಬಂತು. ಮೂರು ವರ್ಷ ಒಂದು ಸರಿಯಾದ ಉತ್ತರ ಬರೆಯದ ಈ ಪೋರ ಇಂದೇ ಯಾಕೆ ಬರೆಯಬೇಕಿತ್ತು?

ಅವರು ಮೀಟರು ಹಿಡಿದುಕೊಂಡೇ ನಿಂತಿದ್ದರು. ಗಾಜಿನೊಳಗೆ ಮುಳ್ಳು ಎಂದಿನಂತೆ ಎರಡರ ಮೇಲೆ ಒರಗಿತ್ತು. ಏನೂ ಇಲ್ಲದಾಗ ಇದು ಏನು ಹೇಳುತ್ತದೆ ನೋಡಿ ಎಂದು ತಾವು ಒಂದು ಕಾಲದಲ್ಲಿ ಹೇಳುತ್ತಿದ್ದದ್ದು ನೆನಪಾಯಿತು. ಈ ತಂಡಕ್ಕೆ ಆ ಮಾತು ಹೇಳೇ ಇಲ್ಲ ಎಂಬುದೂ ನೆನಪಾಯಿತು. ಮುಳ್ಳು ನೋಡಿ, ಕಂಡದ್ದು ಬರೆಯಿರಿ ಎಂಬುದಷ್ಟೇ ಈ ವಿಷಯ. ಅದನ್ನು ಇಡೀ ತಂಡದಲ್ಲಿ ಮಾಡಿದವನು ಒಬ್ಬನೇ, ತಮ್ಮ ಪಾಠ ಕೇಳದೆ ಉಳಿದವನು. ಅವನನ್ನು ಈಗ ತಪ್ಪು ಎಂದು ಬರೆದು ಮನೆಗೆ ಕಳಿಸಿದರೆ, ನಾಳೆ ಈ ಖೋಲಿಯ ಬಾಗಿಲು ತೆಗೆದು ತಾವು ಒಳಗೆ ಬಂದು ಹೇಳುವುದಾದರೂ ಏನು? ಬದುಕಿನಲ್ಲಿ ಅವರು ಅಷ್ಟು ದಣಿದದ್ದು ಅದೇ ಮೊದಲು.

ಹಳೆಯ ಮೀಟರನ್ನು ಅವರು ಮೇಜಿನ ಮೇಲಿಡಲಿಲ್ಲ. ನೆಲದ ಮೇಲಿಟ್ಟರು.

"ಕಾಗದ ಕೊಡ್ರಿ, ಬರದು ಕೊಡ್ತೀನಿ" ಎಂದರು.

"ನೀವು ಬಾಳ ಮೊಂಡ ಮನುಷ್ಯಾ ಅದೀರಿ ನೋಡ್ರಿ" ಎಂದರು ಶಿವಯೋಗೆಪ್ಪನವರು. ಆದರೂ ಕಾಗದ ಕೊಟ್ಟರು.

ಮಲಕಾಜಪ್ಪ ಪಾಸಾದ, ಉಳಿದವರಿಗೆ ಮರುಪರೀಕ್ಷೆ ಎಂಬ ಸುದ್ದಿ ಪಾಲಿಟೆಕ್ನಿಕ್ಕನ್ನೆಲ್ಲ ಒಂದು ಸುತ್ತು ಹಾಕಿತು. ಪ್ರಿನ್ಸಿಪಾಲರು ಸರ್ ಅವರನ್ನು ಕರೆದು ಕೂರಿಸಿಕೊಂಡು ಬೈದರು. ಹುಡುಗರ ಅಪ್ಪಂದಿರು ಬಂದು ಗೇಟಿನಲ್ಲಿ ಕೂಗಾಡಿದರು. ಹಲಗೆಯ ಮೇಲೆ ಯಾರೋ ದೊಡ್ಡದಾಗಿ ಎರಡು ಕಳಿ ಎಂದು ಬರೆದು, ಪಕ್ಕದಲ್ಲಿ ಕತ್ತೆಯ ಚಿತ್ರ ತೆಗೆದಿದ್ದರು. ಸರ್ ಅದನ್ನು ಒರೆಸಲಿಲ್ಲ. ಮಲಕಾಜಪ್ಪ ಮಾತ್ರ ತಾನೇನೋ ಕಳವು ಮಾಡಿದವನಂತೆ ಬಂದು ಬಾಗಿಲಿನಲ್ಲಿ ನಿಂತ.

"ಸರ್ರ, ನಾ ಒಬ್ಬನ ಪಾಸ್ ಅಂತ ಖರೇನ? ಎಲ್ಲಾರೂ ನನಗ ಹೊಡ್ಯಾಕ ಬರಾಕತ್ತಾರ. ನನಗ ಯಾರೂ ಹೇಳಿರಲಿಲ್ರಿ ಕಳೀಬೇಕಂತ."

"ಹೌದೋ ಮಾರಾಯ. ನಿನ್ನ ಪುಣ್ಯಕ್ಕ ಯಾರೂ ಹೇಳಿರಲಿಲ್ಲ" ಎಂದರು ಸರ್. "ಹೋಗು, ಟಿಕೋಟಾ ಬಸ್ ತಪ್ಪೀತು."

ಸಿದ್ದರಾಯ ಬರಲಿಲ್ಲ. ಒಂದು ವಾರ ಹೋಯಿತು, ಎರಡು ವಾರ ಹೋಯಿತು. ಉಳಿದ ಹುಡುಗರು ಬೈದರೆ ಸರ್‌ಗೆ ಅಷ್ಟು ಹತ್ತುತ್ತಿರಲಿಲ್ಲ, ಇವನು ಬಾರದೆ ಇರುವುದು ಎದೆಯಲ್ಲಿ ಕಲ್ಲಿಟ್ಟ ಹಾಗಾಗಿತ್ತು. ಸಾರವಾಡಕ್ಕೆ ತಾವೇ ಹೋಗಿಬರಬೇಕೆಂದು ಒಂದು ದಿನ ಬಸ್‌ಸ್ಟ್ಯಾಂಡಿನವರೆಗೆ ಹೋದರು. ಬಸ್ಸು ನಿಂತಿತ್ತು, ಸೀಟೂ ಇತ್ತು. ರಾಚವ್ವ ಬಾಗಿಲಿಗೆ ಬಂದು ನೀರು ಕೊಟ್ಟರೆ ಯಾವ ಮುಖ ಇಟ್ಟುಕೊಂಡು ಕುಡಿಯುವುದು ಎಂದುಕೊಂಡು ತಿರುಗಿ ಬಂದರು.

ಜೂನಿನ ಮೊದಲ ವಾರ, ಹೊತ್ತು ಇಳಿಯುವ ಮುಂಚೆ, ಸಿದ್ದರಾಯ ತಾನೇ ಮನೆಗೆ ಬಂದ. ಗುಮ್ಮಟ ನೋಡಲು ಬಂದ ಜನ ತಿರುಗಿ ಹೋಗುತ್ತ ಓಣಿಯಲ್ಲಿ ಗದ್ದಲ ಎಬ್ಬಿಸಿದ್ದರು. ಮುನೀರಾ ಅವನನ್ನು ಒಳಗೆ ಕರೆದು ಹೊರಸಿನ ಮೇಲೆ ಕೂರಿಸಿ ಚಹಾ ಕೊಟ್ಟಳು. ಅವನು ಹೊರಸಿನ ಅಂಚಿಗೆ ಕೂತ, ಚಹಾದ ಬಸಿ ಮೊಣಕಾಲ ಮೇಲಿಟ್ಟುಕೊಂಡ.

"ಕೆಲಸ?" ಎಂದರು ಸರ್. ಕೇಳದೆ ಇರಲು ಆಗಲಿಲ್ಲ.

"ಹೋತ್ರಿ. ಮುಂದಿನಂವ ಹಾಜರ್ ಆಗ್ಯಾನಂತ." ಸಿದ್ದರಾಯ ಅದನ್ನು ಯಾರದೋ ಸುದ್ದಿ ಹೇಳುವಂತೆ ಹೇಳಿದ. "ಅವ್ವ ಎರಡು ದಿನ ಉಣಲಿಲ್ರಿ. ಈಗ ಉಣ್ಣಾಕತ್ಯಾಳ."

ಸರ್ ತಲೆ ತಗ್ಗಿಸಿದರು. ಒಂದು ಮಾತು ಅವರ ಬಾಯಿಗೆ ಬಂದು ಬಂದು ನಿಲ್ಲುತ್ತಿತ್ತು. ಕೊನೆಗೆ ಕೇಳಿಯೇಬಿಟ್ಟರು. "ನೀ ಪರದೆ ಹಿಂದ ಬಾಳ ಹೊತ್ತು ಇದ್ದೆಲ್ಲ. ಏನ ಮಾಡಾಕತ್ತಿದ್ದಿ?"

"ಮುಳ್ಳು ನೋಡಾಕತ್ತಿದ್ದೆ ಸರ್ರ. ತಂತಿ ಹಚ್ಚಿರಲಿಲ್ಲ, ಆದ್ರೂ ಸೊನ್ನೇ ಮ್ಯಾಲ ನಿಂತಿತ್ತು. ಎರಡರ ಮ್ಯಾಲ ಇರಬೇಕಲ್ಲ ಅಂತ ತಿರುಗಿಸಿ ತಿರುಗಿಸಿ ನೋಡಿದೆ. ಮೀಟರ್ ಹೊಸಾದೂ ಕಾಣ್ತು."

ಜಿಲಾನಿ ಸರ್ ಕಪ್ಪು ಕೆಳಗಿಟ್ಟರು. "ನೋಡಿದ್ದಿ?"

"ನೋಡಿದ್ದೆ ಸರ್ರ."

"ನೋಡಿದ ಮ್ಯಾಲೂ ಯಾಕ ಕಳದ್ಯೋ?"

ಸಿದ್ದರಾಯನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ನೀವು ಕಳೀರಿ ಅಂದಿದ್ರಲ್ರಿ. ಮೂರು ಅಂತ ನಂಬರೂ ಇತ್ತು. ನೀವು ತಪ್ಪು ಹೇಳ್ತೀರಿ ಅಂತ ನಾ ಹ್ಯಾಂಗ ತಿಳೀಲಿ? ನನ್ನ ಕಣ್ಣ ತಪ್ಪಿರಬೇಕು ಅಂತ ತಿಳದೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಸರ್ ತಡೆದುಕೊಳ್ಳುತ್ತಿದ್ದರು. ಹದಿನಾರು ವರ್ಷದಲ್ಲಿ ಯಾವ ಹುಡುಗನೂ ಅವರನ್ನು ಇಷ್ಟು ನಂಬಿರಲಿಲ್ಲ. ಅವರಿಗೆ ಅಳು ಬಂತು. ಹುಡುಗನ ಎದುರಿಗೆ ಅಳಬಾರದೆಂದು ಎದ್ದು ಚಪ್ಪಲಿ ಮೆಟ್ಟಿಕೊಂಡರು. "ನಡಿ, ಬಸ್‌ಸ್ಟ್ಯಾಂಡ್ ತನಕ ಬರ್ತೀನಿ" ಎಂದರು.

ದಾರಿಯಲ್ಲಿ ಆಡಿದ್ದು, ಮಳೆ ಬರುವ ಹಾಗಿದೆ ಎಂದು ಒಬ್ಬರು, ಬರಲಿ ಎಂದು ಒಬ್ಬರು, ಅಷ್ಟೇ. ಸಾರವಾಡದ ಬಸ್ಸು ತುಂಬುತ್ತಿತ್ತು. ಸಿದ್ದರಾಯ ಹತ್ತಿ ಕಿಟಕಿಯ ಹತ್ತಿರ ಜಾಗ ಹಿಡಿದ. ಸರ್ ಕೆಳಗೆ ನಿಂತರು. ಕಂಡಕ್ಟರ್ ಸೀಟಿ ಊದಿದ ಮೇಲೆ ಅವನಿಗೆ ಏನೋ ನೆನಪಾಗಿ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಸರ್ರ, ಕೇಳೂದ ಮರತೆ. ಮರುಪರೀಕ್ಷೆಗೆ ಯಾವ ಮೀಟರ್ ಇಡ್ತಾರ್ರಿ? ಈ ಸಲ ಎಷ್ಟು ಕಳೀಬೇಕು, ಹೇಳಿಬಿಡ್ರಿ."

ಅವನ ಮುಖದಲ್ಲಿ ಮೊದಲಿನದೇ ಶ್ರದ್ಧೆ ಇತ್ತು, ಜೇಬಿನ ಪೆನ್ನಿಗೆ ಕೈ ಕೂಡ ಹೋಗಿತ್ತು. ಏನೂ ಕಳೆಯಬೇಡ ಎಂದು ಹೇಳಲು ಸರ್ ಬಾಯಿ ತೆರೆದರು. ಹೇಳಿದ್ದರೆ ಅವನು ಅದನ್ನೂ ಹಾಗೆಯೇ ನಂಬುತ್ತಿದ್ದ.

"ಹೇಳೂದಿಲ್ಲ" ಎಂದರು.

ಸಿದ್ದರಾಯನ ಮುಖ ಸಣ್ಣದಾಯಿತು. ಸರ್‌ಗೆ ತನ್ನ ಮೇಲೆ ಸಿಟ್ಟಿದೆ ಎಂದುಕೊಂಡ. "ಯಾಕ್ರಿ ಸರ್ರ?" ಎಂದ. ಬಸ್ಸು ಹೊರಟಿತು. ಜಿಲಾನಿ ಸರ್ ನಾಲ್ಕು ಹೆಜ್ಜೆ ಅದರ ಜೊತೆಗೆ ನಡೆದು, "ಮೊದಲ ಮುಳ್ಳು ನೋಡು, ಅದು ಏನ ಹೇಳ್ತೈತೋ ಅದನ್ನ ಬರಿ. ನನ್ನ ಕೇಳಬ್ಯಾಡ" ಎಂದು ಕೂಗಿದರು. ಅವನಿಗೆ ಕೇಳಿಸಿತೋ ಇಲ್ಲವೋ, ಬಸ್ಸು ಬಬಲೇಶ್ವರದ ರಸ್ತೆಗೆ ತಿರುಗಿತು. ಸರ್ ಮನೆಯ ಕಡೆ ನಡೆದರು.